ಸೀರೆಗೆ ಹತ್ತಿದ ಬೆಂಚು

ನನ್ನ ಸೊಸೆ ಡಾಕ್ಟರ್ ಆಗಲು ಓದುತ್ತಿದ್ದಾಳೆ ಅಂದರೆ ನಮ್ಮ ನೆಂಟರಿಷ್ಟರೆಲ್ಲ ತಕ್ಷಣ ತಮ್ಮ ಮಂಡಿನೋವು ಹೇಳಿಕೊಳ್ಳಲು ಶುರು ಮಾಡುತ್ತಾರೆ. "ಆ ಡಾಕ್ಟರ್ ಅಲ್ಲಪ್ಪಾ, ಇವಳು ಪುರಸಭೆಗಳ ಖರ್ಚುವೆಚ್ಚದ ಡಾಕ್ಟರ್. ಚರಂಡಿ, ಬೀದಿದೀಪ, ನಲ್ಲಿನೀರು," ಅಂದರೆ ಮುಖ ಮುಖ ನೋಡಿಕೊಂಡು ಮಾತು ಬದಲಾಯಿಸುತ್ತಾರೆ. ಮದುವೆಯಾದ ಮೇಲೆ ಇವಳು ದೇಶ ಬಿಟ್ಟು ಬಂದು ಅರ್ಥಶಾಸ್ತ್ರದ ಸಂಶೋಧನೆ ಮಾಡುವುದು, ನನ್ನ ಮಗ ಇದ್ದ ಕೆಲಸ ಬಿಟ್ಟು ಅವಳ ಹಿಂದೆಯೇ ಬಂದು ಇಲ್ಲೊಂದು ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರ ಕೈಕಾಲು ಆಡಿಸುವ ಫಿಸಿಯೋಥೆರಪಿ ಮಾಡುವುದು, ಇದೆಲ್ಲ ಅವರಿಗೆ ಇನ್ನೂ ಜೀರ್ಣವಾಗಿಲ್ಲ. ನನಗೂ ಜೀರ್ಣವಾಗಲು ಸ್ವಲ್ಪ ಸಮಯ ಹಿಡಿಯಿತು. ಆದರೆ ಅದನ್ನು ನೆಂಟರ ಮುಂದೆ ಹೇಳುವಷ್ಟು ಪೆದ್ದಿ ನಾನಲ್ಲ.

ನಾನು ಹೈಸ್ಕೂಲು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಊರಲ್ಲಿ ತಂಗಿಯ ಮನೆ ಮೇಲಿನ ಮಹಡಿಯಲ್ಲಿ ಹಾಯಾಗಿದ್ದೆ. "ಅಮ್ಮ, ಇವಳಿಗೆ ಜೂನ್ ಕೊನೇಲಿ ಪರಿಶೀಲನೆ ಇದೆ, ಪುಟ್ಟಿನ ನೋಡ್ಕೊಳ್ಳೋಕೆ ಯಾರೂ ಇಲ್ಲ," ಅಂತ ಮಗ ಗೋಗರೆದದ್ದಕ್ಕೆ ಬಂದೆ. ಪುಟ್ಟಿ ಅಂದರೆ ನನ್ನ ಮೊಮ್ಮಗಳು, ಆಗಷ್ಟೇ ಓಡಲು ಕಲಿತು ನಡೆಯುವುದನ್ನೇ ಮರೆತಿದ್ದಳು.

ಪರಿಶೀಲನೆ ಅಂದರೆ ಏನು ಅಂತ ಮೊದಲ ದಿನವೇ ಸೊಸೆಯನ್ನು ಕೂರಿಸಿಕೊಂಡು ಕೇಳಿದೆ. ಇಷ್ಟು ವರ್ಷ ಮಾಡಿದ ಕೆಲಸವನ್ನು ಪ್ರೊಫೆಸರ್‌ಗಳ ಮುಂದೆ ನಿಂತು ಒಪ್ಪಿಸಬೇಕಂತೆ. ಅವರು ಸೈ ಅಂದರೆ ವಿದ್ಯಾರ್ಥಿವೇತನ ಮುಂದುವರಿಯುತ್ತದೆ. ಊಹೂಂ ಅಂದರೆ ವೇತನ ನಿಂತಿತು, ವೀಸಾ ಮುಗಿಯಿತು, ಗಂಟುಮೂಟೆ ಕಟ್ಟಬೇಕು.

"ಸಪ್ಲಿಮೆಂಟರಿ ಇಲ್ವಾ?" ಅಂದೆ.

"ಇಲ್ಲ ಅತ್ತೆ," ಅಂದಳು. ನಗಲಿಲ್ಲ.

ಅವರ ಮನೆ ಒಂದು ಲಾಂಡ್ರಿ ಅಂಗಡಿಯ ಮೇಲೆ. ಹಗಲಿಡೀ ಕೆಳಗಿನ ಯಂತ್ರಗಳು ಗುಡುಗುಡು ಅನ್ನುತ್ತಿದ್ದವು, ನೆಲ ಬೆಚ್ಚಗಿರುತ್ತಿತ್ತು. ಊಟದ ಮೇಜಿನ ಮುಕ್ಕಾಲು ಭಾಗ ಸೊಸೆಯ ಕಾಗದ, ಉಳಿದ ಕಾಲು ಭಾಗದಲ್ಲಿ ನಾವು ನಾಲ್ಕು ಜನ ಮೊಣಕೈ ಒತ್ತಿಕೊಂಡು ಊಟ ಮಾಡುತ್ತಿದ್ದೆವು. ಯೂನಿವರ್ಸಿಟಿಯಲ್ಲಿ ಅವಳ ಕೋಣೆಯನ್ನೂ ಹೋಗಿ ನೋಡಿಬಂದೆ. ಅದು ನೆಲಮಾಳಿಗೆ. ಚಾವಣಿಯ ಉದ್ದಕ್ಕೂ ನೀರಿನ ಪೈಪು, ಇರುವ ಒಂದೇ ಕಿಟಕಿಯಲ್ಲಿ ರಸ್ತೆಯಲ್ಲಿ ಹೋಗುವವರ ಕಾಲು ಮಾತ್ರ ಕಾಣುತ್ತದೆ. ಒಳಗೆ ಮೂರು ಮೇಜು, ಮೂರು ದೇಶದವರು. ಮೂವರದೂ ಒಂದೇ ಕಸುಬು: ಸರಕಾರಗಳು ದುಡ್ಡನ್ನು ಎಲ್ಲಿಂದ ತರುತ್ತವೆ, ಎಲ್ಲಿ ಸುರಿಯುತ್ತವೆ ಅಂತ ನೋಡುವುದು.

ಸೊಸೆಯ ಜೊತೆ ಇರುವವರಲ್ಲಿ ಒಬ್ಬನಿಗೆ ನಾನಿಟ್ಟ ಹೆಸರು ಉದ್ದಪ್ಪ. ನಮ್ಮ ಮನೆ ಬಾಗಿಲಿಗೆ ಬಂದಾಗಲೆಲ್ಲ ಹಣೆ ಬಡಿಸಿಕೊಳ್ಳುತ್ತಾನೆ, ಪ್ರತಿ ಸಲವೂ ಆಶ್ಚರ್ಯಪಡುತ್ತಾನೆ. ಇನ್ನೊಬ್ಬಳು ಯಾವುದೋ ದ್ವೀಪದವಳು, ತುಟಿ ಪಿಟಕ್ಕೆನ್ನದೆ ಕೂರುತ್ತಾಳೆ, ಅವಳು ಮೌನಗೌರಿ. ಶನಿವಾರ ಇಬ್ಬರೂ ನಮ್ಮ ಮನೆಗೇ ಊಟಕ್ಕೆ. ಸೊಸೆ ಕರೆಯುವುದನ್ನು ಕೇಳಿ ಕೇಳಿ ಅವರೂ ನನ್ನನ್ನು ಅತ್ತೆ ಅನ್ನುತ್ತಾರೆ. ಅದೇ ನನ್ನ ಹೆಸರು ಅಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಅವರ ಮಾತು ನನಗೆ ಅರ್ಥವಾಗುತ್ತದೆ, ಲೆಕ್ಕದ ಜೊತೆ ಆ ಭಾಷೆಯನ್ನೂ ಶಾಲೆಯಲ್ಲಿ ಪಾಠ ಮಾಡಿದವಳೇ ನಾನು. ಅವರು ಜಗಳಕ್ಕೆ ಬಿದ್ದರೆ ಮಾತ್ರ ಕಷ್ಟ. ಆಗ ಬಾಯಿಂದ ಬರುವುದು ಭಾಷೆಯಲ್ಲ, ಬರೀ ಗ್ರಾಫು.

ಇಂಥ ಒಂದು ಶನಿವಾರ ಸೊಸೆ ತನ್ನ ಸಂಶೋಧನೆಯನ್ನು ನನಗೆ ಚಮಚ ಇಟ್ಟು ವಿವರಿಸಿದಳು. ಒಂದು ಚಮಚ ಸರಕಾರದ ಅನುದಾನ, ಇನ್ನೊಂದು ಪಟ್ಟಣಗಳ ಖರ್ಚು.

"ಎಲ್ರೂ ಏನಂದ್ಕೋತಾರೆ ಅತ್ತೆ? ಅನುದಾನ ಬರುತ್ತೆ, ಆಮೇಲೆ ಖರ್ಚು ಮಾಡ್ತಾರೆ ಅಂತ. ಆದ್ರೆ ಇಲ್ಲಿನ ಪಟ್ಟಣಗಳಲ್ಲಿ ಖರ್ಚು ಮೊದಲು ಏರುತ್ತೆ. ಅನುದಾನ ಬರೋದು ಅದರ ಮುಂದಿನ ವರ್ಷ." ಚಮಚಗಳನ್ನು ಅದಲು ಬದಲು ಮಾಡಿದಳು. "ಅಂದ್ರೆ ದುಡ್ಡು ಬರೋಕೆ ಮುಂಚೆ, ಬಂದೇ ಬರುತ್ತೆ ಅನ್ನೋ ನಂಬಿಕೆಯಿಂದಾನೇ ಖರ್ಚು ಮಾಡ್ತಾರೆ!"

ಅವಳಿಗೆ ಮಾರ್ಗದರ್ಶನ ಮಾಡುವ ಪ್ರೊಫೆಸರ್‌ಗೆ ಇದು ಎಷ್ಟು ಹಿಡಿಸಿತ್ತೆಂದರೆ, ಎಲ್ಲೋ ದೊಡ್ಡ ಸಭೆಯಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡು ಬಂದಿದ್ದರು. ಅದಕ್ಕೊಂದು ಭಾರೀ ಹೆಸರೂ ಇಟ್ಟಿದ್ದರು. ನಾನು ಹೌದೌದು ಅಂದೆ. ಅರ್ಥವಾಗದಿದ್ದರೂ ತಲೆಯಾಡಿಸುವ ಮಕ್ಕಳನ್ನು ಸಾಕಷ್ಟು ನೋಡಿದ್ದೇನೆ, ಆ ವಿದ್ಯೆ ನನಗೂ ಬರುತ್ತದೆ.

ಪರಿಶೀಲನೆಗೆ ಇನ್ನೇನು ಒಂದು ವಾರ ಇದೆ ಅನ್ನುವಾಗ ಪುಟ್ಟಿಯನ್ನು ಕರೆದುಕೊಂಡು ಮನೆ ಹಿಂದಿನ ಪಾರ್ಕಿಗೆ ಹೋದೆ. ಅವಳು ಪಾರಿವಾಳದ ಹಿಂದೆ, ನಾನು ಅವಳ ಹಿಂದೆ. ಸಾಕಾಗಿ ಬೆಂಚಿನ ಮೇಲೆ ಉಸ್ಸಪ್ಪಾ ಅಂತ ಕೂತೆ. ಏಳಲು ನೋಡುತ್ತೇನೆ, ಸೀರೆ ಬರುತ್ತಿಲ್ಲ. ಆಗಷ್ಟೇ ಹಸಿರು ಬಣ್ಣ ಬಳಿದು ಹೋಗಿದ್ದಾರೆ, ಒಂದು ಬೋರ್ಡಿಲ್ಲ, ಒಂದು ಕಾಗದವಿಲ್ಲ. ಅದೂ ಸೊಸೆ ತನ್ನ ಮೊದಲ ವಿದ್ಯಾರ್ಥಿವೇತನದಲ್ಲಿ ನನಗೆಂದು ಆರಿಸಿ ತರಿಸಿಕೊಟ್ಟ ಕೆನೆಬಣ್ಣದ ಸೀರೆ. ಹಿಂದೆ ಮುಟ್ಟಿ ನೋಡಿಕೊಂಡರೆ ಬೆಂಚಿನ ಪಟ್ಟಿಗಳೆಲ್ಲ ಸಾಲಾಗಿ ಅಚ್ಚಾಗಿವೆ. ಪುಟ್ಟಿ ಕೈತಟ್ಟಿ ನಕ್ಕಳು. ಅವಳನ್ನು ಎತ್ತಿಕೊಂಡು, ದಾರಿಯುದ್ದಕ್ಕೂ ಬೈದುಕೊಂಡು ಮನೆಗೆ ಬಂದೆ.

ಸೊಸೆ ಕಾಗದಗಳಿಂದ ತಲೆಯೆತ್ತಿ ನೋಡಿದವಳೇ, "ಅಯ್ಯೋ!" ಅಂದು ನನ್ನ ಕೈಲಿ ಸೀರೆ ಬದಲಾಯಿಸಲು ಹೇಳಿ, ಅದನ್ನು ಬಚ್ಚಲಲ್ಲಿ ಉಜ್ಜತೊಡಗಿದಳು. ನಾನು ಬಾಗಿಲಲ್ಲಿ ನಿಂತು ಬೈಗುಳ ಮುಂದುವರಿಸಿದೆ.

"ನಾನು ಬಂದಾಗ ಆ ಬೆಂಚು ಫಳಫಳ ಅಂತಿತ್ತು ಕಣೇ. ಮತ್ಯಾಕೆ ಬಳೀಬೇಕು? ಆ ಕಡೆ ರಸ್ತೇಲಿ ನೋಡಿದ್ರೆ ಚೆನ್ನಾಗಿರೋ ಕಲ್ಲನ್ನೇ ಕಿತ್ತು ಅಲ್ಲೇ ಹಾಕ್ತಿದಾರೆ. ಕಂಬಿಗೆ ಬಣ್ಣ, ಕಸದಬುಟ್ಟಿಗೆ ಬಣ್ಣ. ಒಳ್ಳೇ ಮಾರ್ಚ್ ತಿಂಗಳಾಯ್ತಲ್ಲ ಇವರದ್ದು!"

ಉಜ್ಜುವ ಸದ್ದು ನಿಂತಿತು.

"ಏನಂದ್ರಿ ಅತ್ತೆ?"

"ಮಾರ್ಚ್ ಅಂದೆ. ನಿಮ್ಮ ಮಾವ ಖಜಾನೇಲಿದ್ದಾಗ ನೋಡಿಲ್ವಾ ನಾನು? ಮಾರ್ಚ್ ಬಂತೂಂದ್ರೆ ಅವರು ಮನೆಗೇ ಸೇರ್ತಿರಲಿಲ್ಲ. ವರ್ಷ ಮುಗಿಯೋದ್ರೊಳಗೆ ಖರ್ಚಾಗದ ದುಡ್ಡೆಲ್ಲ ವಾಪಸ್ ಹೋಗುತ್ತೆ ಅಂತ, ಇದ್ದಬದ್ದ ಇಲಾಖೆಯೋರೆಲ್ಲ ಬಿಲ್ಲು ಹಿಡ್ಕೊಂಡು ಕ್ಯೂ ನಿಲ್ಲೋರಂತೆ."

ಇದನ್ನು ಹೇಳುವಾಗ ನನ್ನ ತಲೆಯಲ್ಲಿದ್ದದ್ದು ಸೀರೆಯೊಂದೇ. ಇಲ್ಲಿನ ವರ್ಷ ಬೇರೆ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಹೊಳೆದದ್ದು ಅವಳಿಗೆ. ಒದ್ದೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಚ್ಚಲ ನೆಲದ ಮೇಲೆಯೇ ಕುಸಿದು ಕೂತಳು. "ಇಲ್ಲಿಗೆ ಇದು ಮಾರ್ಚ್," ಅಂದಳು. "ಅತ್ತೆ, ಇಲ್ಲಿಗೆ ಜೂನ್ ಅಂದ್ರೆ ಮಾರ್ಚ್!"

ಎದ್ದು ಪುರಸಭೆಗೆ ಫೋನ್ ಹಚ್ಚಿದಳು. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಕೊನೆಗೊಬ್ಬ ಎತ್ತಿದ. ನಿಮ್ಮ ಲೆಕ್ಕದ ವರ್ಷ ಯಾವಾಗ ಮುಗಿಯುತ್ತೆ ಅಂತ ಕೇಳಿದ್ದಕ್ಕೆ, "ಈ ತಿಂಗಳ ಕೊನೆಗೆ. ಅದಕ್ಕೇ ನೋಡಿ ಫೋನ್ ಎತ್ತೋಕೂ ಪುರುಸೊತ್ತಿಲ್ಲ," ಅಂದನಂತೆ.

ಸೊಸೆಯ ಮುಖ ಬಿಳಿಚಿಕೊಂಡಿತು. ಅವಳು ಬಿಡಿಸಿ ಹೇಳಿದ ಮೇಲೆ ನನಗೂ ಅರ್ಥವಾಯಿತು. ಪಟ್ಟಣಗಳ ಲೆಕ್ಕದ ಮೇಲೆ ಬರೀ ಇಸವಿ ಇರುತ್ತದೆ. ಇವಳು ನಮ್ಮೂರಿನಂತೆ ವರ್ಷ ಏಪ್ರಿಲ್‌ನಲ್ಲಿ ಶುರು ಅಂದುಕೊಂಡೇ ಲೆಕ್ಕ ಹಾಕಿದ್ದಳು. ಸರಕಾರ ಅನುದಾನ ಕೊಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಅದನ್ನು ಹೊಸ ವರ್ಷಕ್ಕೆ ಬರೆದುಕೊಂಡಿದ್ದಳು. ಆದರೆ ಇಲ್ಲಿಯವರಿಗೆ ಅದು ಹಳೇ ವರ್ಷದ ಬಾಲ. ಮೇ ತಿಂಗಳಲ್ಲಿ ಬಂದ ದುಡ್ಡನ್ನು ಜೂನ್ ಮುಗಿಯುವುದರೊಳಗೆ ಬಡಬಡ ಖರ್ಚು ಮಾಡುತ್ತಾರೆ, ಆ ಖರ್ಚು ಹಳೇ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಇವಳ ಕಣ್ಣಿಗೆ ಖರ್ಚು ಮೊದಲು, ಅನುದಾನ ಆಮೇಲೆ ಅನ್ನುವಂತೆ ಕಂಡಿದೆ. ನಂಬಿಕೆಯೂ ಇಲ್ಲ, ಮುಂದಾಲೋಚನೆಯೂ ಇಲ್ಲ. ಪ್ರೊಫೆಸರ್ ಚಪ್ಪಾಳೆ ಗಿಟ್ಟಿಸಿದ್ದು ಗಾಳಿಗೋಪುರಕ್ಕೆ.

ಸಂಜೆಗೆ ಉದ್ದಪ್ಪ, ಮೌನಗೌರಿ ಇಬ್ಬರೂ ಓಡಿಬಂದರು. ಉದ್ದಪ್ಪ ಹಣೆ ಬಡಿಸಿಕೊಂಡದ್ದನ್ನು ಉಜ್ಜಿಕೊಳ್ಳಲೂ ಮರೆತ. ಸೊಸೆಯ ಬರಹವನ್ನು ಇಬ್ಬರೂ ಮೊದಲೇ ಓದಿ ಸರಿ ಇದೆ ಅಂದವರೇ.

"ನಿಮಗ್ಯಾಕಪ್ಪ ಗೊತ್ತಾಗ್ಲಿಲ್ಲ?" ಅಂತ ನಾನೇ ಕೇಳಿದೆ.

"ನಮ್ಮಲ್ಲಿ ವರ್ಷ ಜನವರಿಗೆ ಶುರು ಅತ್ತೆ," ಅಂದ ಉದ್ದಪ್ಪ. "ಇವಳು ಏಪ್ರಿಲ್ ಅಂತ ಬರೆದಿದ್ದಳಲ್ಲ, ಇಲ್ಲಿ ಹಾಗೇ ಇರಬೇಕು ಅಂದ್ಕೊಂಡೆ."

"ನಮ್ಮಲ್ಲಿ ಅಕ್ಟೋಬರ್," ಅಂದಳು ಮೌನಗೌರಿ. ಆ ವಾರ ಅವಳು ಆಡಿದ ಮೊದಲ ಮಾತು ಅದೇ ಇರಬೇಕು.

ಪ್ರೊಫೆಸರ್ ಕೂಡ ಹೊರದೇಶದಿಂದ ಬಂದವರೇ. ಒಂದು ನೆಲಮಾಳಿಗೆಯಲ್ಲಿ ಇಷ್ಟೂ ಬುದ್ಧಿವಂತರು ಕೂತು ಈ ದೇಶದ ಲೆಕ್ಕ ನೋಡುತ್ತಿದ್ದಾರೆ, ಒಬ್ಬೊಬ್ಬರ ತಲೆಯಲ್ಲೂ ಅವರವರ ಊರಿನ ವರ್ಷ ಓಡುತ್ತಿದೆ, ಇಲ್ಲಿನ ವರ್ಷ ಮಾತ್ರ ಯಾರ ತಲೆಯಲ್ಲೂ ಇಲ್ಲ. ನನಗೆ ನಗು ಬಂತು, ಸೊಸೆಯ ಮುಖ ನೋಡಿ ನುಂಗಿಕೊಂಡೆ.

ಉದ್ದಪ್ಪ ಮೆಲ್ಲಗೆ ಬಾಯಿಬಿಟ್ಟ. "ನಾನೊಂದು ಹೇಳ್ಲಾ? ಈಗ ಸುಮ್ನಿದ್ದುಬಿಡು. ಪರಿಶೀಲನೆ ಮುಗೀಲಿ. ಪ್ರೊಫೆಸರ್‌ಗೇ ಗೊತ್ತಾಗಿಲ್ಲ, ಉಳಿದವರಿಗೇನು ಗೊತ್ತಾಗುತ್ತೆ? ಪಾಸಾದ್ಮೇಲೆ ನಿಧಾನಕ್ಕೆ ಸರಿ ಮಾಡ್ಕೋಬಹುದು. ಈಗ ಹೇಳಿದ್ರೆ ನಿನ್ನ ಕೈಲಿ ಏನೂ ಉಳಿಯಲ್ಲ."

ಅವನು ಕೆಟ್ಟವನಲ್ಲ. ಅವಳನ್ನು ಉಳಿಸಿಕೊಳ್ಳಬೇಕು ಅಂತಲೇ ಹೇಳಿದ. ಸೊಸೆ ನನ್ನ ಕಡೆ ತಿರುಗಿದಳು. "ನೀವೇನಂತೀರಿ ಅತ್ತೆ?"

ಇಲ್ಲಿ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಹೇಳಿಬಿಡುತ್ತೇನೆ. ಇವಳು ಸತ್ಯ ಹೇಳಿ ಫೇಲಾದರೆ ಎಲ್ಲರೂ ಊರಿಗೆ ಬರುತ್ತಾರೆ. ಪುಟ್ಟಿ ನನ್ನ ಕಣ್ಣೆದುರೇ ಬೆಳೆಯುತ್ತಾಳೆ. ಅದೆಷ್ಟು ಸಿಹಿಯಾದ ಯೋಚನೆ ಅಂದರೆ, ಸತ್ಯ ಹೇಳು ಅನ್ನಲು ನನಗೇ ನಾಚಿಕೆಯಾಯಿತು, ಅದರಲ್ಲಿ ನನ್ನ ಲಾಭವೂ ಇತ್ತಲ್ಲ. ಆದರೆ ಅವಳ ಕೈಗಳನ್ನು ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಹಸಿರು. ಇವಳು ಗೆಲ್ಲಬೇಕು ಅಂತ ಆಗ ನನಗೆ ಅನ್ನಿಸಿದಷ್ಟು ಬಲವಾಗಿ ಬೇರೇನೂ ಯಾವತ್ತೂ ಅನ್ನಿಸಿರಲಿಲ್ಲ.

"ಬೋರ್ಡ್ ಮೇಲೆ ಲೆಕ್ಕ ತಪ್ಪಾಗಿದ್ರೆ ನಾನು ಒರೆಸಿ ಮತ್ತೆ ಬರೀತಿದ್ದೆ ಕಣಮ್ಮ," ಅಂದೆ. "ಮಕ್ಕಳು ನಗ್ತಿದ್ರು. ನಗ್ಲಿ. ತಪ್ಪು ಲೆಕ್ಕದ ಮುಂದೆ ನಿಂತು ಪಾಠ ಮುಂದುವರಿಸೋಕೆ ಮಾತ್ರ ನನ್ನ ಕೈಲಾಗ್ತಿರಲಿಲ್ಲ. ನಿನ್ನ ಕೈಲಾಗುತ್ತಾ ನೋಡು."

"ಆಗಲ್ಲ," ಅಂದಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಮಗ ಡ್ಯೂಟಿ ಮುಗಿಸಿ ಬಂದವನು, ಏನಾಯಿತು ಅಂತ ಗೊತ್ತಾಗದೆ ಪುಟ್ಟಿಯನ್ನೂ ಹೆಂಡತಿಯನ್ನೂ ಒಟ್ಟಿಗೆ ತಬ್ಬಿಕೊಂಡು ನಿಂತ.

ಮೌನಗೌರಿ ಆಗಲೇ ಕಂಪ್ಯೂಟರ್ ತೆಗೆದಿದ್ದಳು. ಕೆಲವು ಪಟ್ಟಣಗಳು ಖರ್ಚನ್ನು ತಿಂಗಳ ಲೆಕ್ಕದಲ್ಲೂ ಹಾಕಿರುತ್ತವೆ, ಅದನ್ನು ತಾನು ನೋಡಿದ್ದೇನೆ ಅಂದಳು. ತಿಂಗಳ ಲೆಕ್ಕ ಸಿಕ್ಕರೆ ದುಡ್ಡು ಯಾವಾಗ ಬಂತು, ಯಾವಾಗ ಹೋಯಿತು, ಯಾವುದಕ್ಕೆ ಹೋಯಿತು ಎಲ್ಲ ಕಾಣುತ್ತದೆ. ಪಟ್ಟಣಗಳನ್ನು ಮೂರು ಪಾಲು ಮಾಡಿಕೊಂಡರು. ಉದ್ದಪ್ಪ ದೊಡ್ಡ ಪಾಲು ತನ್ನ ಕಡೆ ಎಳೆದುಕೊಂಡ.

"ನೀನು ಬೇಡ ಅಂದೋನಲ್ವೇನೋ?" ಅಂದೆ.

"ಹೇಳ್ಬೇಡ ಅಂದೆ ಅತ್ತೆ. ಕೈಬಿಡ್ತೀನಿ ಅಂದ್ನಾ?"

ಪ್ರೊಫೆಸರ್ ಊರಲ್ಲಿರಲಿಲ್ಲ, ಪರಿಶೀಲನೆಯ ಹೊತ್ತಿಗೆ ಬರುವವರಿದ್ದರು. ಸೊಸೆ ಎಲ್ಲವನ್ನೂ ಬರೆದು ಕಳಿಸಿದಳು. "ಬಂದು ನೋಡುತ್ತೇನೆ," ಅಂತ ಉತ್ತರ ಬಂತು. ಆ ಎರಡು ಪದಕ್ಕೆ ಅವಳು ಹತ್ತು ಅರ್ಥ ಹುಡುಕಿದಳು, ಹತ್ತೂ ಕೆಟ್ಟವೇ. ಉಳಿದ ದಿನಗಳಲ್ಲಿ ನಮ್ಮ ಮೇಜಿನ ಕಾಲು ಭಾಗವೂ ಕಾಗದದ ಪಾಲಾಯಿತು. ನಾವು ನೆಲದ ಮೇಲೆ ಕೂತು ಉಂಡೆವು. ಮಗ ರಜೆ ಹಾಕಿ ಪುಟ್ಟಿಯನ್ನು ನೋಡಿಕೊಂಡ, ನಾನು ಅಡುಗೆ ಮಾಡಿದೆ, ಅವರು ಮೂವರೂ ಊಟ ಬಂದದ್ದೂ ಹೋದದ್ದೂ ಗೊತ್ತಾಗದಂತೆ ದುಡಿದರು.

ಪರಿಶೀಲನೆಯ ಬೆಳಿಗ್ಗೆ ಸೊಸೆ, "ಅತ್ತೆ, ಆ ಸೀರೆ ಕೊಡ್ತೀರಾ?" ಅಂದಳು. ಕಲೆ ಹೋಗಿರಲಿಲ್ಲ. ಯಾಕೆ ಅಂತ ಕೇಳುವಷ್ಟರಲ್ಲಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಗಾಬರಿಯಲ್ಲಿ ತಲೆ ಕೆಟ್ಟಿದೆ ಅಂದುಕೊಂಡೆ.

ಯಾರು ಬೇಕಾದರೂ ಬಂದು ಕೂರಬಹುದು ಅಂದದ್ದರಿಂದ ನಾನು, ಮಗ, ಪುಟ್ಟಿ ಹಿಂದಿನ ಸಾಲಿನಲ್ಲಿ ಕೂತೆವು, ಪಕ್ಕದಲ್ಲೇ ಉದ್ದಪ್ಪ, ಮೌನಗೌರಿ. ಮುಂದೆ ಉದ್ದನೆಯ ಮೇಜಿನ ಹಿಂದೆ ಪ್ರೊಫೆಸರ್, ಪ್ರಯಾಣದ ಬಟ್ಟೆಯಲ್ಲೇ ಇದ್ದರು, ಮುಖದಲ್ಲಿ ನಗುವಿಲ್ಲ. ಅವರ ಆಚೆ ಈಚೆ ಇನ್ನಿಬ್ಬರು. ತುದಿಯಲ್ಲಿ ಬಿಳಿಗೂದಲಿನ ಒಬ್ಬ ಹೆಂಗಸು. ಪುರಸಭೆಯ ಹಣಕಾಸು ನೋಡಿಕೊಂಡು ನಿವೃತ್ತಿಯಾದವರಂತೆ, ಹೊರಗಿನ ಸದಸ್ಯೆ.

ಸೊಸೆ ಎದ್ದು ನಿಂತಳು. ಚೀಲದಿಂದ ಸೀರೆ ತೆಗೆದು, ಬೋರ್ಡಿನ ಮೇಲಂಚಿಗೆ ಅಡ್ಡಲಾಗಿ ಇಳಿಬಿಟ್ಟಳು. ಕೆನೆಬಣ್ಣದ ಮೇಲೆ ಬೆಂಚಿನ ಹಸಿರು ಪಟ್ಟೆಗಳು ಎಲ್ಲರಿಗೂ ಕಾಣುವಂತೆ. ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

"ಇದು ನಮ್ಮ ಅತ್ತೆಯ ಸೀರೆ," ಅಂದಳು. "ನಾನು ನಿಮಗೆ ಮೊದಲು ಕಳಿಸಿದ ಅಧ್ಯಾಯ ತಪ್ಪು. ಎಲ್ಲಿ ತಪ್ಪಿತು ಅಂತ ಗೊತ್ತಾಗಿದ್ದು ಈ ಬಣ್ಣದಿಂದ."

ಒಂದೊಂದಾಗಿ ಹೇಳುತ್ತ ಹೋದಳು. ತನ್ನ ಏಪ್ರಿಲ್, ಗೆಳೆಯರ ಜನವರಿ, ಅಕ್ಟೋಬರ್, ಇಲ್ಲಿನ ಜುಲೈ. ಆಮೇಲೆ ತಿಂಗಳ ಲೆಕ್ಕ ತೋರಿಸಿದಳು. ಅನುದಾನ ವರ್ಷದ ಕೊನೆಗೆ ಬಂದ ಪಟ್ಟಣಗಳಲ್ಲಿ ದುಡ್ಡೆಲ್ಲ ಬೆಂಚು, ಕಂಬಿ, ಕಲ್ಲುಹಾಸಿಗೆ ಹೋಗಿದೆ, ಬೇಗ ಮುಗಿಯುವ ಕೆಲಸ ಅವೇ. ಯಾವುದೋ ಕಾರಣಕ್ಕೆ ಅನುದಾನ ಬೇಗ ಬಂದ ಕೆಲವೇ ಪಟ್ಟಣಗಳಲ್ಲಿ ಅದೇ ದುಡ್ಡಿಗೆ ನೀರಿನ ಪೈಪು ಬಿದ್ದಿದೆ. "ಒಂದು ಪೈಸೆ ಹೆಚ್ಚು ಕೊಡೋದು ಬೇಡ. ಆರು ತಿಂಗಳು ಮುಂಚೆ ಕೊಟ್ಟರೆ ಜನರಿಗೆ ಬೆಂಚಿನ ಬದಲು ನೀರು ಸಿಗುತ್ತೆ ಅಂತ ಕಾಣುತ್ತೆ. ಇದು ಕೆಲವೇ ಪಟ್ಟಣಗಳ ಮಾತು. ಪೂರ್ತಿ ಗೊತ್ತಾಗೋಕೆ ನನಗೆ ಇನ್ನಷ್ಟು ಸಮಯ ಬೇಕು."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಮೊದಲು ಮಾತಾಡಿದ್ದು ಆ ಬಿಳಿಗೂದಲಿನ ಹೆಂಗಸು.

"ನಿನ್ನ ಹಳೇ ಅಧ್ಯಾಯ ಓದಿ ನಾನು ಒಂದೇ ಪ್ರಶ್ನೆ ಇಟ್ಕೊಂಡು ಬಂದಿದ್ದೆ," ಅಂದರು. "ದುಡ್ಡು ಬರೋಕೆ ಒಂದು ವರ್ಷ ಮೊದಲೇ ಯೋಚನೆ ಮಾಡೋ ಪುರಸಭೆ ಯಾವುದಮ್ಮಾ, ನನಗೂ ಸ್ವಲ್ಪ ತೋರಿಸು ಅಂತ. ನನ್ನ ಸರ್ವಿಸ್‌ನಲ್ಲಿ ಒಂದನ್ನೂ ಕಾಣ್ಲಿಲ್ಲ." ಎಲ್ಲರೂ ನಕ್ಕರು. ಉದ್ದಪ್ಪನ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಯಿತು. ಅವನ ಮಾತು ಕೇಳಿ ಸುಮ್ಮನಿದ್ದಿದ್ದರೆ ಆ ಒಂದು ಪ್ರಶ್ನೆಗೇ ಸೊಸೆಯ ಕಥೆ ಮುಗಿಯುತ್ತಿತ್ತು. ಆಕೆ ಎದ್ದು ಬಂದು ಸೀರೆಯ ಪಟ್ಟೆಯನ್ನು ಬೆರಳಿಂದ ಮುಟ್ಟಿ ನೋಡಿದರು. "ಇದೇ ಹಸಿರು. ಇಂಥಾ ಎಷ್ಟು ಬೆಂಚಿಗೆ ನಾನೇ ಸಹಿ ಹಾಕಿದೀನೋ. ಪೈಪ್ ಹಾಕ್ಸೋಣ ಅಂತಾನೇ ಇರ್ತಿತ್ತು ಮನಸ್ಸಲ್ಲಿ. ಟೈಮೇ ಇರ್ತಿರಲಿಲ್ಲ."

ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಕಾರಿಡಾರಿನಲ್ಲಿ ಒಂದು ಬೆಂಚಿತ್ತು, ನಾನು ಮುಟ್ಟಿ ನೋಡಿಯೇ ಕೂತೆ. ಪುಟ್ಟಿ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು. ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕೈ ಹಿಡಿದುಕೊಂಡೆ, ಮಂಜುಗಡ್ಡೆ. ನಮ್ಮ ಮನೆದೇವರಿಗೆ ನಾನು ಏನೇನು ಹರಕೆ ಹೊತ್ತೆ ಅಂತ ಹೇಳಿದರೆ ನನ್ನ ತಂಗಿ ಜಗಳಕ್ಕೆ ಬರುತ್ತಾಳೆ.

ಬಾಗಿಲು ತೆರೆದು ಪ್ರೊಫೆಸರ್ ಬಂದರು. ಸೊಸೆಯ ಮುಂದೆ ನಿಂತು, "ಒಂದು ಸಭೆ ತುಂಬ ಜನಕ್ಕೆ ನಾನು ಈಗ ಕಾಗದ ಬರೀಬೇಕು, ನಾನು ಹೇಳಿದ್ದು ತಪ್ಪು ಅಂತ," ಅಂದರು. ಆಮೇಲೆ ಅವರ ಮುಖ ಸಡಿಲವಾಯಿತು. "ಬರೀತೀನಿ. ನೀನು ಪಾಸು. ಎಲ್ಲಾ ಪಟ್ಟಣಗಳ ತಿಂಗಳ ಲೆಕ್ಕ ಸೇರಿಸಿ ಹೊಸದಾಗಿ ಬರಿ. ಒಂದು ವರ್ಷ ಕೊಟ್ಟಿದೀವಿ."

ಉದ್ದಪ್ಪ ಕೂಗಿದ, ಮೌನಗೌರಿ ಅವನಿಗಿಂತ ಜೋರಾಗಿ ಕೂಗಿದಳು. ಅಷ್ಟು ದೊಡ್ಡ ಗಂಟಲು ಅವಳಿಗಿದೆ ಅಂತ ಯಾರಿಗೆ ಗೊತ್ತಿತ್ತು? ಮಗ ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದ. ನಾನೂ ನಕ್ಕೆ. ಇವಳು ಗೆದ್ದಳು, ಅಂದರೆ ಇವರು ಇಲ್ಲೇ. ಮುಂದಿನ ವಾರಕ್ಕೆ ನನ್ನ ಟಿಕೆಟ್ ಇತ್ತು. ಎರಡೂ ಒಟ್ಟಿಗೇ ನೆನಪಾದವು.

ಯಾರಿಗೂ ಕಾಣಬಾರದು ಅಂತ ಸೆರಗಿನಿಂದ ಮೂಗು ಒರೆಸಿಕೊಂಡು, ತಮಾಷೆಗೆ ಅಂದೆ: "ಒಂದು ವರ್ಷ ಅಂದ್ರಲ್ಲ, ಸರಿಯಾಗಿ ಕೇಳ್ಕೊಂಡ್ಯಾ? ಯಾವಾಗಿಂದ ಶುರು ಅಂತೆ? ಜನವರಿಯಾ, ಏಪ್ರಿಲ್ಲಾ, ಜುಲೈಯಾ? ಮತ್ತೆ ಎಡವಟ್ಟು ಮಾಡ್ಕೋಬೇಡ."

ಸೊಸೆ ಬೋರ್ಡಿನಿಂದ ತೆಗೆದು ತಂದಿದ್ದ ಸೀರೆಯನ್ನು ಎದೆಗೊತ್ತಿಕೊಂಡು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. "ನೀವು ಟಿಕೆಟ್ ಮುಂದಕ್ಕೆ ಹಾಕಿಸ್ತೀರಲ್ಲ ಅತ್ತೆ, ಆ ದಿನದಿಂದ," ಅಂದಳು.

ಮಗನನ್ನು ಕರೆದು, ಕುಣಿದದ್ದು ಸಾಕು, ಹೋಗಿ ಟಿಕೆಟ್ ನೋಡು ಅಂದೆ.